ಅವ್ವನ ಒಲೆ ಯಾವ ಕಾಲಮ್ಮಿಗೆ?

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ಕೊಡಲ್ಲ ಅಂದುಬಿಟ್ಟವು. ಯಾರ ಹತ್ತಿರ ಎಷ್ಟು ದಾಸ್ತಾನಿದೆ ಅನ್ನೋ ಪ್ರಶ್ನೆಗೆ ಆಗ ಜೀವ ಬಂತು. ಮರುವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು. ಅದರ ಸದಸ್ಯ ದೇಶಗಳು ಇವತ್ತಿಗೂ 90 ದಿನಗಳ ನಿವ್ವಳ ಆಮದಿನಷ್ಟು ಎಣ್ಣೆ ಇಟ್ಟುಕೊಂಡಿರಬೇಕು.

ಕಲ್ಲಿದ್ದಲು, ಅನಿಲ, ಕರೆಂಟು ಎಲ್ಲವನ್ನೂ ಕೂಡಿಸೋಕೆ ಒಂದೇ ಅಳತೆ ಬೇಕಲ್ಲ? ಬಹಳ ಕಾಲ ಅದೂ ಎಣ್ಣೆಯದ್ದೇ. ಒಂದು ಟನ್ ಎಣ್ಣೆ ಅಂದರೆ 11,630 ಯೂನಿಟ್. ತಮಾಷೆ ಇರೋದು ಮುಂದೆ. ಪ್ಯಾರಿಸ್ಸಿನ ಪದ್ಧತಿಯಲ್ಲಿ ಅಣುಸ್ಥಾವರಕ್ಕೆ ಕರೆಂಟನ್ನಲ್ಲ, ಅದರ ಹಿಂದಿನ ಶಾಖವನ್ನು ಎಣಿಸುತ್ತಾರೆ, ದಕ್ಷತೆ ಶೇ. 33 ಅಂತ ಹಿಡಿಯುತ್ತಾರೆ. ಹಾಗಾಗಿ ಕೈಗಾದ ಒಂದು ಯೂನಿಟ್ ಮೂರಾಗುತ್ತೆ, ಶರಾವತಿಯ ಒಂದು ಯೂನಿಟ್ ಒಂದೇ. ಇಂಥ ಕೋಡನ್ನು ನಾನು ಬರೆದಿದ್ದರೆ ರಿವ್ಯೂನಲ್ಲೇ ವಾಪಸ್ ಬರ್ತಿತ್ತು!

ನನ್ನನ್ನು ಹೆಚ್ಚು ಕಾಡಿದ್ದು ಸೌದೆ. 1952ರಿಂದ ಬರುತ್ತಿದ್ದ ಬಿಪಿ ಕಂಪನಿಯ ಹೆಸರಾಂತ ವಾರ್ಷಿಕ ಪುಸ್ತಕ ಮಾರುಕಟ್ಟೆಯ ಇಂಧನವನ್ನಷ್ಟೇ ಎಣಿಸುತ್ತಿತ್ತು. ಅವ್ವ ಹೊಲದ ಬದುವಿನಿಂದ ಹೊತ್ತು ತಂದ ಪುಳ್ಳೆಗೆ ಬಿಲ್ಲೆಲ್ಲಿ? ಪ್ಯಾರಿಸ್ಸಿನವರು ಸೌದೆ, ಬೆರಣಿಗೂ ಜಾಗ ಕೊಟ್ಟರು, ಆದರೆ ಆ ಅಂಕಿಗಳು ಬಹುಪಾಲು ಸರ್ವೆಯ ಅಂದಾಜು.

ಮನೆಗೆ ಸಿಲಿಂಡರ್ ಬಂತು ಅನ್ನಿ. ಸೌದೆ ಒಲೆಯಲ್ಲಿ ಮುಕ್ಕಾಲು ಶಾಖ ಪೋಲು, ಗ್ಯಾಸಿನಲ್ಲಿ ಅಷ್ಟಿಲ್ಲ. ಪ್ಯಾರಿಸ್ಸಿನ ಲೆಕ್ಕದಲ್ಲಿ ನಮ್ಮ ಮನೆಯ ಬಳಕೆ ಇಳಿಯುತ್ತೆ, ಬಿಪಿ ಲೆಕ್ಕದಲ್ಲಿ ಏರುತ್ತೆ. ಬೆಂದಿದ್ದು ಅದೇ ಮುದ್ದೆ.