ಒಂದೇ ಚೌಕಟ್ಟಿನಲ್ಲಿ ಐದು ಬಿರುಸು

ಹಳೆಯ ಟ್ರಂಕನ್ನು ಓರಣಗೊಳಿಸುತ್ತಿದ್ದಾಗ, 1981ರಲ್ಲಿ ನಮ್ಮೂರ ಜಾತ್ರೆಯ ರಾತ್ರಿ ನಾನು ತೆಗೆದ ಕಪ್ಪುಬಿಳುಪಿನ ಚಿತ್ರವೊಂದು ಕೈಗೆ ಸಿಕ್ಕಿತು. ಗೋಪುರದ ಮೇಲಿನ ಆಕಾಶದಲ್ಲಿ ಐದು ಬಿರುಸುಗಳು ಒಟ್ಟಿಗೆ ಅರಳಿವೆ. ನಿಜಕ್ಕೂ ಅವು ಒಟ್ಟಿಗೆ ಅರಳಿದವಲ್ಲ. ಇದನ್ನು ಶಾಲೆಯ ಭಿತ್ತಿಪತ್ರಿಕೆಗೆ ಅಂಟಿಸಿದ ದಿನ ಗಣಿತದ ಹಿರಿಯ ಮೇಷ್ಟ್ರು ಬಂದು, "ಐದೂ ಒಂದೇ ಸಲ ಹಾರಿದವೇನ್ರೀ?" ಎಂದರು. ಇಲ್ಲವೆಂದೆ. "ಹಾಗಾದರೆ ಇತಿಹಾಸದ ಮೇಷ್ಟ್ರೇ ಸುಳ್ಳುಸಾಕ್ಷಿ ಅಂಟಿಸಿದಂತಾಯಿತು" ಎಂದು ನಡೆದುಬಿಟ್ಟರು. ಅದೇ ವಾರ ನಾನು ಒಂಬತ್ತನೆಯ ತರಗತಿಗೆ ಚಾರಿತ್ರಿಕ ಆಧಾರಗಳ ಪಾಠ ಮಾಡುತ್ತಿದ್ದೆ! ಮಾತು ಚೆನ್ನಾಗಿಯೇ ನಾಟಿತು.

ನನ್ನಲ್ಲಿದ್ದುದು ತಂದೆಯವರ ಮಡಿಚುವ ಕ್ಯಾಮೆರಾ. ಅದರಲ್ಲಿ ಷಟರನ್ನು ಸಜ್ಜುಗೊಳಿಸುವುದಕ್ಕೂ ಫಿಲ್ಮನ್ನು ಸುತ್ತುವುದಕ್ಕೂ ಸಂಬಂಧವಿಲ್ಲ. ಸುತ್ತಲು ಮರೆತರೆ ಚಿತ್ರದ ಮೇಲೆ ಚಿತ್ರ. ಅಕ್ಕನ ಧಾರೆಯ ಮೇಲೆ ಊಟದ ಪಂಕ್ತಿ ಮೂಡಿದ್ದನ್ನು ನಮ್ಮ ಮನೆಯವರು ಇಂದಿಗೂ ಮರೆತಿಲ್ಲ. ಆ ದೋಷವನ್ನೇ ನಾನು ಉಪಾಯವಾಗಿಸಿದೆ. ಕಪ್ಪು ಆಕಾಶ ಫಿಲ್ಮಿನ ಮೇಲೆ ಏನನ್ನೂ ಬರೆಯುವುದಿಲ್ಲ. ಬಿರುಸು ಅರಳಿದೆಡೆ ಮಾತ್ರ ಗುರುತು, ಉಳಿದ ಜಾಗ ಮುಂದಿನ ಬಿರುಸಿಗೆ ಮೀಸಲು. ಆದರೆ ಗೋಪುರದ ದೀಪಗಳು ಐದು ಸಲವೂ ಬಿದ್ದರೆ ಬಿಳಿಯ ಮುದ್ದೆಯಾಗುತ್ತವೆ. ಆದ್ದರಿಂದ ಮೊದಲ ಸಲ ಬಿಟ್ಟು ಉಳಿದ ನಾಲ್ಕು ಸಲವೂ ಮಸೂರದ ಮುಂದೆ ಕೆಳಭಾಗಕ್ಕೆ ಕರಿಯ ರಟ್ಟು ಹಿಡಿದೆ. ಹೊಗೆಗೆ ಮಾತ್ರ ಯಾವ ರಟ್ಟೂ ಇಲ್ಲ; ಗಾಳಿ ಬೀಸುವ ದಿಕ್ಕನ್ನು ನೋಡಿ ನಿಲ್ಲಬೇಕು, ಅಷ್ಟೆ.

ಗಣಿತದ ಮೇಷ್ಟ್ರ ಸಂಶಯ ಹೊಸದೇನಲ್ಲ. ಅಮೆರಿಕದ ವಿಲಿಯಂ ಮಮ್ಲರ್ ಎಂಬಾತ 1860ರ ದಶಕದಲ್ಲಿ, ಫೋಟೋ ತೆಗೆಸಿಕೊಂಡವರ ಹಿಂದೆ ಸತ್ತ ಬಂಧುಗಳ ಮಸುಕು ಆಕೃತಿ ಮೂಡಿಸಿ ಹಣ ಗಳಿಸಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ವಂಚನೆಯ ವಿಚಾರಣೆ ನಡೆಯಿತು. ಸರ್ಕಸ್ಸಿನ ಖ್ಯಾತಿಯ ಬಾರ್ನಮ್, ಲಿಂಕನ್ನರ 'ಪ್ರೇತ'ದೊಡನೆ ತಾನೇ ಚಿತ್ರ ತೆಗೆಸಿಕೊಂಡು ಇದು ಎಷ್ಟು ಸುಲಭವೆಂದು ತೋರಿಸಿದ. ಆದರೂ ಪುರಾವೆ ಸಾಲದೆ ಮಮ್ಲರ್ ಪಾರಾದ. ದುಃಖದಲ್ಲಿರುವವರ ಕಣ್ಣು ತನಗೆ ಬೇಕಾದುದನ್ನೇ ಕಾಣುತ್ತದೆ.

ಇದಕ್ಕೆ ತದ್ವಿರುದ್ಧ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ. 1882ರಿಂದ ಆತ ಪ್ಯಾರಿಸ್ಸಿನ ಅಂಚಿನಲ್ಲಿ ಕಪ್ಪು ಹಿನ್ನೆಲೆಯ ಮುಂದೆ ಬಿಳಿ ಉಡುಪಿನ ಮನುಷ್ಯನನ್ನು ಓಡಿಸಿ, ಸೀಳಿರುವ ತಟ್ಟೆಯೊಂದನ್ನು ತಿರುಗಿಸಿ, ಒಂದೇ ಗಾಜಿನ ಫಲಕದ ಮೇಲೆ ಹೆಜ್ಜೆಯ ಹಲವು ಹಂತಗಳನ್ನು ಹಿಡಿದ. ಆಕೃತಿಗಳು ಒಂದರ ಮೇಲೊಂದು ಬಿದ್ದು ಗೋಜಲಾದಾಗ, ಕರಿಯ ಉಡುಪು ತೊಡಿಸಿ ಕೈಕಾಲುಗಳಿಗೆ ಬಿಳಿಯ ಪಟ್ಟಿ ಕಟ್ಟಿಸಿದ. ಕತ್ತಲೆಯಲ್ಲಿ ಬರೀ ಗೆರೆಗಳು ನಡೆದವು. ಜಾತ್ರೆಯ ಬಯಲಿನಲ್ಲಿ ನಾನು ಮಾಡಿದ್ದೂ ಅದೇ ತತ್ತ್ವ; ಆತನದು ವಿಜ್ಞಾನ, ನನ್ನದು ಹುಡುಗಾಟ. ಎಷ್ಟು ಸಲ, ಎಷ್ಟು ಅಂತರದಲ್ಲಿ ಬೆಳಕು ಬಿದ್ದಿತೆಂದು ಮಾರೆ ಹೇಳುತ್ತಿದ್ದ, ಮಮ್ಲರ್ ಮುಚ್ಚಿಟ್ಟ. ವ್ಯತ್ಯಾಸ ಇಷ್ಟೇ ಎಂದು ನನ್ನ ತೀರ್ಮಾನ.

ಮುಂದೆ ತಯಾರಕರು ಸುತ್ತುವ ಸನ್ನೆಗೇ ಷಟರನ್ನು ಜೋಡಿಸಿ ಈ 'ತಪ್ಪ'ನ್ನು ತಡೆದರು. ಬೇಕೆಂದವರಿಗಾಗಿ 1977ರ ನಿಕಾನ್ ಎಫ್‌ಎಂನಂಥವುಗಳಲ್ಲಿ ಪ್ರತ್ಯೇಕ ಸನ್ನೆಯನ್ನೂ ಕೊಟ್ಟರು. ಡಿಜಿಟಲ್ ಕಾಲದಲ್ಲಿ 2012ರ ಕ್ಯಾನನ್ 5ಡಿ ಮಾರ್ಕ್ 3 ಒಂಬತ್ತು ಚಿತ್ರಗಳವರೆಗೆ ಬೆಸೆಯುತ್ತದೆ. ಪ್ರತಿ ಬಿಂದುವಿನಲ್ಲೂ ಹೆಚ್ಚು ಬೆಳಕಿನದನ್ನೇ ಉಳಿಸಿಕೊಳ್ಳುವ ಆಯ್ಕೆಯೂ ಅದರಲ್ಲಿರುವುದರಿಂದ ರಟ್ಟಿನ ಕಾಟವೇ ಇಲ್ಲ.

ಮರುದಿನ ನಾನು ಚಿತ್ರದ ಕೆಳಗೆ ಹೊಸ ಚೀಟಿ ಅಂಟಿಸಿದೆ: "ಐದು ಬಿರುಸು, ಸುಮಾರು ಆರು ನಿಮಿಷ, ಒಂದು ಚೌಕಟ್ಟು." ಗಣಿತದ ಮೇಷ್ಟ್ರು ಕನ್ನಡಕ ಏರಿಸಿ ಓದಿದರು, ಏನನ್ನೂ ಹೇಳಲಿಲ್ಲ. ಮರುವರ್ಷದ ಜಾತ್ರೆಯಲ್ಲಿ ನನ್ನ ಪಕ್ಕ ರಟ್ಟು ಹಿಡಿದು ನಿಂತವರು ಅವರೇ.