ಕಾಸಿನ ಬಾಳು

ಶಿಕಾರಿಪುರ, ಸೊರಬದ ಕಡೆ ಹಣಕ್ಕೆ ದಿನಬಳಕೆಯ ಮಾತು ದುಡ್ಡು. ಆನವಟ್ಟಿ ದಾಟಿ ಹಾನಗಲ್ಲಿನತ್ತ ಸರಿದರೆ ರೊಕ್ಕ. ಕಾಸು ನಾಲಿಗೆಗೆ ಬರುವುದು ಹೆಚ್ಚಾಗಿ ಯಾರನ್ನಾದರೂ ಹಗುರ ಮಾಡುವಾಗ: ಮೂರು ಕಾಸಿನ ಬೆಲೆಯಿಲ್ಲ, ಕವಡೆ ಕಾಸಿನ ಕಿಮ್ಮತ್ತಿಲ್ಲ. ಮದುವೆ ಮನೆಯಲ್ಲಿ ಹೆಣ್ಣಿನ ಕೊರಳಿಗೆ ಬೀಳುವುದೂ ಕಾಸಿನ ಸರವೇ. ಅದರ ಒಂದೊಂದು ಬಿಲ್ಲೆಯೂ ಚಿನ್ನ.

ಕಾಸು ಮೊದಲಿನಿಂದಲೂ ಬಡಪಾಯಿಯಲ್ಲ. ರಾಜರಾಜ ಚೋಳನ ತಂಜಾವೂರು ಶಾಸನಗಳಲ್ಲಿ ಅದು ಚಿನ್ನದ ನಾಣ್ಯ. ನಮ್ಮ ಬಳ್ಳಿಗಾವೆಯ ಕಲ್ಲುಗಳು ಲೆಕ್ಕವಿಟ್ಟದ್ದು ಗದ್ಯಾಣ, ಪಣಗಳಲ್ಲಿ. ಕೆಳದಿ ಅರಸರ ಇಕ್ಕೇರಿ ವರಹವೂ ಚಿನ್ನವೇ. ಆದರೆ ಒಂದು ಹಿಡಿ ಉಪ್ಪಿಗೆ ವರಹ ಮುರಿಸಲಾದೀತೇ? ಸಂತೆಗೆ ತಾಮ್ರ ಬೇಕು. ಕಾಸೆಂಬ ಹೆಸರು ಬರಬರುತ್ತ ಆ ತಾಮ್ರದ ಪಾಲಾಯಿತು. 1763ರಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು ಹೈದರನ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ, ನಗರವೆನಿಸಿಕೊಂಡ ಅದೇ ಊರಿನ ಟಂಕಸಾಲೆಯಲ್ಲಿ ಆನೆ ಗುರುತಿನ ತಾಮ್ರದ ನಾಣ್ಯಗಳು ತಯಾರಾದವು.

ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸಿನ ನಾಣ್ಯವನ್ನು ಅಂಗೈಯಲ್ಲಿಟ್ಟು ನೋಡಬೇಕು. ಕೆಲವದರಲ್ಲಿ ಆನೆ, ಕೆಲವದರಲ್ಲಿ ಸಿಂಹ, ಮೇಲೆ ‘ಶ್ರೀ ಚಾಮುಂಡಿ’. ಹಿಂಬದಿಯಲ್ಲಿ ಕನ್ನಡದ ‘ಮಯಿಲಿ ಕಾಸು’, ಜೊತೆಗೇ ಇಂಗ್ಲಿಷಿನಲ್ಲಿ ‘ಕ್ಯಾಷ್’. ಈ ಕ್ಯಾಷ್ ನಮ್ಮ ಕಾಸೇ, ಪೋರ್ಚುಗೀಸರ ಬಾಯಲ್ಲಿ ಹೊರಳಿ ಬಂದದ್ದು. ಬ್ಯಾಂಕಿನ ಕೌಂಟರಿನಲ್ಲಿ ಕೇಳುವ ಕ್ಯಾಷ್ ಬೇರೆ ಬುಡದ್ದು. ಅದರ ಮೂಲದಲ್ಲಿ ಪೆಟ್ಟಿಗೆ ಎಂಬ ಅರ್ಥವಿದೆ. ಎಷ್ಟೋ ನಾಣ್ಯಗಳಲ್ಲಿ ಅಚ್ಚು ಪಕ್ಕಕ್ಕೆ ಜಾರಿ ಅರ್ಧ ಅಕ್ಷರ ಅಂಚಿನಾಚೆ ಉಳಿದಿದೆ. ಮನೆಯಲ್ಲಿ ಇಂಥದ್ದಿದ್ದರೆ ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಕಿಲುಬಿನ ಜೊತೆ ಅಕ್ಷರವೂ ಸವೆಯುತ್ತದೆ.

ಬೆಂಗಳೂರಿಗೆ ಸ್ಥಳಾಂತರಗೊಂಡಿದ್ದ ಮೈಸೂರಿನ ಟಂಕಸಾಲೆ 1843ರಲ್ಲಿ ಮುಚ್ಚಿತು. ಆಮೇಲೆ ಬ್ರಿಟಿಷರ ಪೈಯನ್ನೇ ಜನ ಕಾಸೆಂದರು. ಆಣೆಗೆ ಹನ್ನೆರಡು ಪೈ. ಹಾಗಾಗಿ ಕಾಲಾಣೆಯೆಂದರೆ ಮೂರು ಕಾಸು. ‘ಮೂರು ಕಾಸಿನ ಬೆಲೆಯಿಲ್ಲ’ ಎಂದವರು ಬಾಯಿಗೆ ಬಂದ ಸಂಖ್ಯೆ ಹೇಳಲಿಲ್ಲ, ಜೇಬಿನಲ್ಲಿದ್ದ ನಾಣ್ಯವನ್ನೇ ಹೆಸರಿಸಿದರು. 1957ರ ಏಪ್ರಿಲ್ 1ರಂದು ಹೊಸ ಪೈಸೆ ಬಂದು ಆಣೆ, ಪೈಗಳ ಲೆಕ್ಕ ಮುಗಿಯಿತು. ಬೈಗುಳದಲ್ಲಿ ಮಾತ್ರ ಅದಿನ್ನೂ ನಡೆಯುತ್ತಿದೆ.

ಅರಸರ, ದೇವಾಲಯಗಳ ಚಿನ್ನಕ್ಕೆ ಕಲ್ಲಿನ ಸಾಕ್ಷಿಯುಂಟು. ಕೂಲಿಯವರ ತಾಮ್ರ ಉಳಿದದ್ದು ಬಹುಪಾಲು ಮಾತಿನಲ್ಲಿ. ಅದಕ್ಕೇ ನನಗೆ ‘ಕಾಸಿಗೆ ತಕ್ಕ ಕಜ್ಜಾಯ’ ಎಂಬ ಗಾದೆ ಬಲು ಇಷ್ಟ. ಅಲ್ಲಿ ಕಾಸಿಗೆ ಅವಮಾನವಿಲ್ಲ. ಒಂದು ಕಾಸು ಹಿಡಿದು ಹೋದವರಿಗೆ, ಚಿಕ್ಕದೋ ದೊಡ್ಡದೋ, ತಿನ್ನುವುದೊಂದು ಸಿಗುತ್ತಿತ್ತು.