ಅನ್ನ ನಡೆದು ಬಂದ ದಾರಿ

ಸಾಲಿಯ ಗೋಡೆಯ ಮೇಲೆ ಒಂದು ಪಟ ತೂಗುಹಾಕಿರುತ್ತಾರೆ. ಮೊದಲು ರೈತ, ಅವನ ಹೆಗಲ ಮೇಲೆ ನೇಗಿಲು. ಆಮೇಲೆ ಒಂದು ಲಾರಿ. ಆಮೇಲೆ ಅಂಗಡಿ. ಕೊನೆಗೆ ಊಟದ ತಾಟು, ಅದರ ಮುಂದೆ ನಗುವ ಮಗು. ನಡುನಡುವೆ ಬಾಣದ ಗುರುತು. ಮಾಸ್ತರು ಕೋಲಿನಿಂದ ತೋರಿಸುತ್ತಾರೆ, ಮಕ್ಕಳು ಕೂಡಿ ಒದರುತ್ತಾರೆ. ಹತ್ತು ನಿಮಿಷಕ್ಕೆ ಪಾಠ ಮುಗಿಯಿತು. ಹೊಲದಿಂದ ತಾಟಿಗೆ ಅನ್ನ ಬಂದುಬಿಟ್ಟಿತು!

ಹಂಗ ಬಂತೇನ್ರಿ ಅದು? ಯಾರ ಕೈಯನ್ನೂ ಮುಟ್ಟದೆ?

ಕೇರಿಯಿಂದ ಬಂದ ಒಂದು ಹುಡುಗಿ ಆ ಪಟವನ್ನು ನೋಡುತ್ತಾಳೆ ಅಂತ ತಿಳಿಯಿರಿ. ಅವಳ ಅವ್ವ ದಿನಗೂಲಿಗೆ ಕಳೆ ತೆಗೆಯಾಕ ಹೋಗುತ್ತಾಳೆ. ಅಪ್ಪ ಗಂಜಿನಲ್ಲಿ ಚೀಲ ಹೊರುವ ಹಮಾಲ. ಅಜ್ಜಿ ಇನ್ನೊಬ್ಬರ ಕಣದಲ್ಲಿ ಕಾಳು ತೂರಿ ಸೊಂಟ ಮುರಿದುಕೊಂಡವಳು. ಆ ಪಟದಲ್ಲಿ ಈ ಮೂವರೂ ಇಲ್ಲ. ಬಾಣದ ಗುರುತು ಅವರನ್ನು ಮುಚ್ಚಿ ಹಾಕಿದೆ. ಆ ಹುಡುಗಿ ಎದ್ದು ನಿಂತು “ಸರ, ಇದರಾಗ ನಮ್ಮವ್ವ ಎಲ್ಲಿ ಅದಾಳ?” ಎಂದು ಕೇಳಿದರೆ ಮಾಸ್ತರ ಹತ್ತಿರ ಉತ್ತರವಿದೆಯೇ?

ಆ ಉತ್ತರವನ್ನು ಹುಡುಕಬೇಕಾದದ್ದು ಇತಿಹಾಸದಲ್ಲಿ. ಮಾಣಿಕನಗರ, ಹುಮನಾಬಾದ್, ಬಸವಕಲ್ಯಾಣದ ಈ ಸೀಮೆಯಲ್ಲಿ ಪಾಠ ಮಾಡುವ ಗೆಳೆಯರು ದೂರ ಹೋಗಬೇಕಾಗಿಲ್ಲ. ಅನ್ನದ ಒಂಬೈನೂರು ವರ್ಷದ ಇತಿಹಾಸ ಇಲ್ಲಿಯೇ, ನಮ್ಮ ಕಾಲ ಕೆಳಗೇ ಬಿದ್ದಿದೆ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ರಾಜಧಾನಿ. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆಸಿದ. ಅದರಲ್ಲಿ ಅರಸನ ಊಟಕ್ಕೇ ಒಂದು ಭಾಗವಿದೆ. ಉದ್ದಿನ ಹಿಟ್ಟಿನ ಇಡ್ಡಲಿ, ವಡೆ, ಮಂಡಿಗೆ, ಬಗೆಬಗೆಯ ಮಾಂಸ, ಎಲ್ಲದರ ವಿವರವಿದೆ. ಹೊಲದ ಇಲಿಯನ್ನು ಹದ ಮಾಡಿ ಬೇಯಿಸುವುದು ಹೇಗೆ ಎನ್ನುವುದೂ ಅದರಲ್ಲಿದೆ. ಹೌದು, ಇಲಿಯನ್ನೇ. ಇವತ್ತು ಹಸಿವಿಗೆ ಇಲಿ ಹಿಡಿದು ತಿಂದವನನ್ನು ಕೀಳೆಂದು ಮೂಗು ಮುಚ್ಚಿಕೊಳ್ಳುವವರು ಇದನ್ನು ಒಮ್ಮೆ ಓದಬೇಕು. ಅರಸನ ತಾಟಿನಲ್ಲಿದ್ದರೆ ಅದು ಭೋಗ, ಬಡವನ ಒಲೆಯ ಮೇಲಿದ್ದರೆ ಹೊಲಸು. ಕೀಳುತನ ಇಲಿಯಲ್ಲಿ ಇರಲಿಲ್ಲ, ನೋಡುವವರ ಕಣ್ಣಲ್ಲಿತ್ತು.

ಆದರೆ ಈ ‘ಅನ್ನಭೋಗ’ದಲ್ಲಿ ಉಣ್ಣುವವನು ಅರಸ. ಉದ್ದು ಬೆಳೆದವನು ಯಾರು, ಅದನ್ನು ರುಬ್ಬಿದವಳು ಯಾರು, ಆ ಇಲಿಯನ್ನು ಬಿಲದಿಂದ ಹಿಡಿದು ತಂದವನು ಯಾರು, ಅವರಿಗೆ ಅಲ್ಲಿ ಹೆಸರಿಲ್ಲ. ಸಾಲಿಯ ಪಟಕ್ಕೂ ಅರಸನ ಗ್ರಂಥಕ್ಕೂ ಇದೊಂದು ವಿಷಯದಲ್ಲಿ ವ್ಯತ್ಯಾಸವಿಲ್ಲ.

ಇದಾದ ಒಂದೇ ತಲೆಮಾರಿನಲ್ಲಿ ಅದೇ ಕಲ್ಯಾಣದಲ್ಲಿ ಇನ್ನೊಂದು ಬಗೆಯ ಮಾತು ಹುಟ್ಟಿತು. ಅದು ದುಡಿಯುವವರ ಬಾಯಿಂದ, ಕನ್ನಡದಲ್ಲಿ ಹುಟ್ಟಿತು. ವಚನಕಾರರ ಹೆಸರುಗಳನ್ನು ಸಾಲಾಗಿ ಹೇಳಿ ನೋಡಿ. ಒಕ್ಕಲಿಗ ಮುದ್ದಣ್ಣ ಹೊಲ ಉತ್ತವನು. ತುರುಗಾಹಿ ರಾಮಣ್ಣ ದನ ಕಾಯ್ದವನು. ನುಲಿಯ ಚಂದಯ್ಯ ಹಗ್ಗ ಹೊಸೆದವನು. ಡೋಹರ ಕಕ್ಕಯ್ಯ ತೊಗಲು ಹದ ಮಾಡಿದವನು. ಕೊಟ್ಟಣದ ಸೋಮಮ್ಮ ಭತ್ತ ಕುಟ್ಟಿದವಳು. ಮೋಳಿಗೆ ಮಾರಯ್ಯ ಕಟ್ಟಿಗೆ ಹೊತ್ತು ಮಾರಿದವನು. ಸತ್ಯಕ್ಕ ಅಂಗಳ ಗುಡಿಸಿದವಳು. ಈ ಹೆಸರುಗಳನ್ನೇ ಒಂದರ ಪಕ್ಕ ಒಂದಿಟ್ಟರೆ ಹೊಲದಿಂದ ಒಲೆಯವರೆಗಿನ ದಾರಿ ತಾನಾಗಿ ಕಾಣುತ್ತದೆ. ಬಾಣದ ಗುರುತಿನ ಜಾಗದಲ್ಲಿ ಇಲ್ಲಿ ಮನುಷ್ಯರು ನಿಂತಿದ್ದಾರೆ. ಕೆಲಸವೇ ಅವರ ಹೆಸರಾಗಿದೆ, ಆ ಹೆಸರಿಗೆ ನಾಚಿಕೆಯಿಲ್ಲ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ಬದುಕಿದ ಗಂಡಹೆಂಡಿರು. ಒಂದು ದಿನ ಗಂಡ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಒಪ್ಪಲಿಲ್ಲ. ಇಷ್ಟು ಆಸೆ ನಮಗೇಕೆ, ತಂದಲ್ಲೇ ಸುರಿದು ಬಾ ಎಂದಳು. ಇದನ್ನು ನಾವು ಬರೀ ಭಕ್ತಿಯ ಕಥೆ ಮಾಡಿಬಿಟ್ಟಿದ್ದೇವೆ. ಲಕ್ಕಮ್ಮ ಹೇಳಿದ್ದು ಹಂಚಿಕೆಯ ಲೆಕ್ಕ. ಅನ್ನ ನಡೆದು ಬರುವಾಗ ಅಗತ್ಯಕ್ಕಿಂತ ಹೆಚ್ಚು ಒಬ್ಬನ ಮನೆಯಲ್ಲಿ ನಿಂತರೆ ಇನ್ನೊಬ್ಬನ ತಾಟು ಬರಿದಾಗುತ್ತದೆ. ಈ ಲೆಕ್ಕವನ್ನು ಅಕ್ಕಿ ಆಯುವವಳು ಹೇಳಬೇಕಾಯಿತು. ಕಣಜ ತುಂಬಿದವರು ಹೇಳಲಿಲ್ಲ.

ದುಡಿಮೆ ಕಾಯಕವಾಯಿತು, ದುಡಿದದ್ದನ್ನು ಹಂಚಿ ಉಣ್ಣುವುದು ದಾಸೋಹವಾಯಿತು. ಒಟ್ಟಿಗೆ ಉಣ್ಣುವುದು ಒಟ್ಟಿಗೆ ಬದುಕುವುದರವರೆಗೆ ಬಂದಾಗ ಏನಾಯಿತು? ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಬಿಜ್ಜಳನ ಆಳ್ವಿಕೆಯ ಕೊನೆಗೆ, 1167ರ ಸುಮಾರಿಗೆ, ಆ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿಸಿ ಎಳೆಸಿ ಕೊಂದರೆಂದು ಪರಂಪರೆ ಹೇಳುತ್ತದೆ. ಶರಣರು ಕಲ್ಯಾಣ ಬಿಟ್ಟು ಚೆದುರಿದರು. ಅನ್ನದ ದಾರಿಯಲ್ಲಿ ಜಾತಿ ಹಾಕಿದ ಬೇಲಿ ಎಷ್ಟು ಗಟ್ಟಿಯಾಗಿತ್ತು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಆಮೇಲಿನ ಶತಮಾನಗಳಲ್ಲಿ ದೊರೆಗಳು ಬದಲಾದರು, ಕಣ ಬದಲಾಗಲಿಲ್ಲ. ನಿಜಾಮನ ಕಾಲಕ್ಕೆ ಕಲ್ಯಾಣ ಒಬ್ಬ ನವಾಬನ ಜಾಗೀರು, ಹತ್ತಿರದ ಚಿಟಗುಪ್ಪ ಪಾಯಿಗಾ ಎಸ್ಟೇಟು. ಕಣದಲ್ಲಿ ರಾಶಿ ಬಿದ್ದ ಕೂಡಲೇ ಮೊದಲು ಬರುವುದು ಹಸಿದವನಲ್ಲ. ಮೊದಲು ಜಾಗೀರದಾರನ ಪಾಲು, ಆಮೇಲೆ ಸಾವುಕಾರನ ಬಡ್ಡಿ, ಆಮೇಲೆ ಗೌಡ ಕುಲಕರ್ಣಿಯರ ಹಕ್ಕು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸರ್ಕಾರದ ಲೇವಿ ಧಾನ್ಯವೂ ಇದಕ್ಕೆ ಸೇರಿತು. ಎತ್ತಿಗೆ ಮಿಣಿ, ಬಾರಕೋಲು, ಬಾವಿಯ ನೀರೆತ್ತುವ ತೊಗಲಿನ ಚೀಲ, ಇವನ್ನೆಲ್ಲ ಮಾಡಿಕೊಟ್ಟ ಮಾದಿಗನಿಗೆ, ಕಣ ಕಾಯ್ದ ಹೊಲೆಯನಿಗೆ ಕೊನೆಗೆ ಉಳಿದ ತಳಗಾಳು. ಅದಕ್ಕೆ ‘ಆಯ’ ಎಂದು ಹೆಸರು. ಅವನ ದುಡಿಮೆಯ ಪಾಲು ಅದು, ಆದರೆ ಕೊಡುವವನ ಮುಖದಲ್ಲಿ ದಾನ ಕೊಟ್ಟ ಗತ್ತು. ಅವನು ಮಾಡಿದ ತೊಗಲಿನ ಚೀಲ ಬಾವಿಗೆ ಇಳಿಯುತ್ತಿತ್ತು, ಅವನ ಕೊಡ ಇಳಿಯುವಂತಿರಲಿಲ್ಲ.

ಸಾಲ ತೀರಿಸಲಾಗದವನು ಜೀತಕ್ಕೆ ಬಿದ್ದ. ನಿಜಾಮನ ರಾಜ್ಯದಲ್ಲಿ ಅದಕ್ಕೆ ‘ಭಗೇಲಾ’ ಎನ್ನುತ್ತಿದ್ದರು. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯಿದೆಯನ್ನು ಓದಿ ನೋಡಿ. ದೇಶದಲ್ಲಿ ರೂಢಿಯಲ್ಲಿದ್ದ ಜೀತದ ಹೆಸರುಗಳ ಒಂದು ಪಟ್ಟಿ ಅದರಲ್ಲಿದೆ. ಆ ಪಟ್ಟಿಯಲ್ಲಿ ‘ಭಗೇಲಾ’ ಇದೆ, ‘ಜೀತ’ ಇದೆ, ‘ವೆಟ್ಟಿ’ ಇದೆ. ‘ಹೊಲ್ಯ’ ಎಂಬ ಮಾತೂ ಇದೆ! ಒಂದು ಜಾತಿಯ ಹೆಸರೇ ಕಾಯಿದೆಯ ಪುಸ್ತಕದಲ್ಲಿ ಜೀತದ ಹೆಸರಾಗಿ ದಾಖಲಾಯಿತು. ಹೊಲದಿಂದ ತಾಟಿಗೆ ಅನ್ನ ಹೇಗೆ ಬಂತು ಎಂಬ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಲಾರದು.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಡಳಿತ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. 1956ರಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ಹೋಯಿತು, ಉಳುವವನೇ ಹೊಲದೊಡೆಯ ಎಂದರು. ಒಳ್ಳೆಯ ಮಾತು, ಅನೇಕರ ಬದುಕು ನೇರಾಯಿತು. ಆದರೆ ಆ ಕಾಯಿದೆಯಲ್ಲಿ ಉಳುವವನೆಂದರೆ ಗೇಣಿದಾರ. ಕೂಲಿಗೆ ಉತ್ತವನು, ಜೀತಕ್ಕೆ ಉತ್ತವನು ಗೇಣಿದಾರನಾಗಿರಲಿಲ್ಲ. ಅವನ ಹೆಸರು ಪಹಣಿಯಲ್ಲಿ ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಈಗ ಸಾಲಿಗೆ ಬರೋಣ. ಹಿಂದೆ ಸಾಲಿಯ ಹಸಿವಿಗೆ ಅಮೆರಿಕದ ಹಾಲಿನ ಪುಡಿ, ಗೋಧಿಯ ಉಪ್ಪಿಟ್ಟು ಬಂದವು. 1995ರಿಂದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯದ ಯೋಜನೆ ಬಂತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನಿನಲ್ಲಿ ಮೊದಲು ಏಳು ಉತ್ತರದ ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಯಿತು. ಬೀದರ ಅದರಲ್ಲೊಂದು. ಯೋಜನೆಗೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಕಲ್ಯಾಣದ ಮಾತು ತಿರುಗಿ ಕಲ್ಯಾಣದ ಸೀಮೆಗೇ ಬಂತು.

ಹೆಸರು ಬಂತು, ಅದರ ತಿರುಳು ಬಂತೇ? 2004ರ ಏಪ್ರಿಲ್ 20ರಂದು ಅದೇ ಸುಪ್ರೀಂ ಕೋರ್ಟು, ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಿ ಎಂದಿತು. ದಲಿತ ಹೆಂಗಸು ಬೇಯಿಸಿದ ಅನ್ನ ಬೇಡವೆಂದು ಮಕ್ಕಳನ್ನು ತಡೆದ ಸುದ್ದಿಗಳು ರಾಜ್ಯದ ಬೇರೆ ಬೇರೆ ಕಡೆಯಿಂದ ಆಮೇಲೂ ಬಂದಿವೆ. ಅವಳು ಕಳೆ ತೆಗೆದ ಜೋಳ ಆಗುತ್ತದೆ, ಅವಳು ಕೊಯ್ದ ತೊಗರಿ ಆಗುತ್ತದೆ, ಅವಳು ಬೇಯಿಸಿದ್ದು ಆಗುವುದಿಲ್ಲ! ದಾರಿಯುದ್ದಕ್ಕೂ ಬೇಕಾದ ಕೈ ತಾಟಿನ ಹತ್ತಿರ ಬಂದಾಗ ಮೈಲಿಗೆ. 2021ರ ಡಿಸೆಂಬರಿನಲ್ಲಿ ಬೀದರ ಮೊದಲಾದ ಜಿಲ್ಲೆಗಳ ಮಕ್ಕಳಿಗೆ ಮೊಟ್ಟೆ ಕೊಟ್ಟಾಗಲೂ ಕೆಲವು ಮಠಾಧೀಶರು ಎದ್ದು ನಿಂತರು. ಹಸಿದ ಮಗುವಿನ ತಾಟಿಗೆ ಮಡಿಯ ಗೆರೆ ಎಳೆಯುವವರ ಹೊಟ್ಟೆ ತುಂಬಿರುತ್ತದೆ, ಇದನ್ನು ಮರೆಯಬೇಡಿ.

ಇನ್ನೊಂದು ಮಾತು. ನಮ್ಮ ಸೀಮೆ ಜೋಳ, ತೊಗರಿ, ಉದ್ದು, ಹೆಸರು, ಕಡಲೆಯ ಸೀಮೆ. ಬಿಸಿಯೂಟದ ತಾಟಿಗೆ ಬೀಳುವ ಅಕ್ಕಿ ಆಹಾರ ನಿಗಮದ ಉಗ್ರಾಣದಿಂದ ಬರುತ್ತದೆ. ಅಂದರೆ ಪಟದ ರೈತನಿಗೂ ಮಗುವಿನ ಎದುರಿನ ತಾಟಿಗೂ ನೇರ ನಂಟಿಲ್ಲ. ತೊಗರಿ ಬೆಳೆದವನು ರಾಶಿ ಮುಗಿದ ಕೂಡಲೇ ಸಾಲಕ್ಕೆ ಹೆದರಿ ಗಂಜಿಗೆ ಹಾಕುತ್ತಾನೆ, ಆರು ತಿಂಗಳಿಗೆ ಅದೇ ತೊಗರಿಯ ಬೇಳೆಯನ್ನು ಕಿರಾಣಿ ಅಂಗಡಿಯಲ್ಲಿ ದುಬಾರಿಗೆ ಕೊಳ್ಳುತ್ತಾನೆ. ಮಕ್ಕಳಿಗೆ ಈ ಎರಡು ದರ ಬರೆಸಿ ಕಳೆಯುವ ಲೆಕ್ಕ ಮಾಡಿಸಿ. ಉಳಿದ ದುಡ್ಡು ಯಾರ ಮನೆಗೆ ಹೋಯಿತೆಂದು ಕೇಳಿ. ಗಣಿತ, ಸಮಾಜ ಎರಡೂ ಒಂದೇ ತಾಸಿನಲ್ಲಿ ಆಗುತ್ತವೆ.

ಮಾಣಿಕನಗರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ಮಾಸ್ತರರಿದ್ದಾರೆ. 1817ರಲ್ಲಿ ಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿ ನೆಲೆಸಿ, 1865ರಲ್ಲಿ ಇಲ್ಲಿಯೇ ಸಮಾಧಿಯಾದರು. ಎಲ್ಲ ಮತಗಳೂ ಒಂದೇ ಎಂಬ ಸಕಲಮತ ಅವರ ದಾರಿ. ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುವ ಜಾಗ. ದತ್ತ ಜಯಂತಿಗೆ ಜನ ಸೇರುತ್ತಾರೆ, ಪ್ರಸಾದ ನಡೆಯುತ್ತದೆ. ಕರೆದುಕೊಂಡು ಹೋಗಿ, ಬೇಡ ಅನ್ನುವುದಿಲ್ಲ. ಆದರೆ ಪ್ರಸಾದ ಉಂಡು ಕೈ ತೊಳೆದ ಮೇಲೆ ಪಾಠ ಶುರುವಾಗಲಿ. ಯಾವ ಜಾತ್ರೆಯಾದರೂ ಸರಿ, ಹಿಟ್ಟು ಬೀಸಿದವರು ಯಾರು, ಕಟ್ಟಿಗೆ ಒಡೆದವರು ಯಾರು, ಎಂಜಲ ಎಲೆ ಎತ್ತಿದವರು ಯಾರು? ದೇವರ ಹೆಸರು ಎಲ್ಲರಿಗೂ ಗೊತ್ತು. ಇವರ ಹೆಸರನ್ನೂ ಕೇಳಿಕೊಂಡು ಬರಲಿ.

ಎಳ್ಳ ಅಮಾಸಿಗೆ ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಭಜ್ಜಿ, ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ ಉಣ್ಣುತ್ತಾರೆ. ಅವತ್ತು ಹೊಲವಿಲ್ಲದವನ ಮಗು ಯಾರ ಹೊಲಕ್ಕೆ ಹೋಗಬೇಕು? ಮರುದಿನ ತರಗತಿಯಲ್ಲಿ ಈ ಪ್ರಶ್ನೆ ಏಳಲಿ.

ಒಂದು ಎಚ್ಚರಿಕೆ ಬೇಕು. ಈ ಪಾಠದ ಹೆಸರಿನಲ್ಲಿ ಕೇರಿಯ ಮಗುವನ್ನು ಎಬ್ಬಿಸಿ ನಿಲ್ಲಿಸಿ “ನಿಮ್ಮಪ್ಪ ಏನು ಮಾಡ್ತಾನ?” ಎಂದು ಕೇಳಬೇಡಿ. ಆ ಅವಮಾನವನ್ನು ಅದು ಹುಟ್ಟಿದಾಗಿನಿಂದ ಉಂಡಿದೆ. ಮೊದಲು ಹೊಲವುಳ್ಳವರ ಮಗುವನ್ನು ಕೇಳಿ: “ನಿಮ್ಮ ಹೊಲದಾಗ ಯಾರು ದುಡಿತಾರ? ಅವರ ಹೆಸರೇನು? ನಿಮ್ಮ ಮನ್ಯಾಗ ಅವರು ಎಲ್ಲಿ ಕುಂತು ಉಣ್ತಾರ?” ಉತ್ತರ ಕೊಡಬೇಕಾದವರು ಮೊದಲು ಉತ್ತರ ಕೊಡಲಿ. ಆಮೇಲೆ ಬಿಸಿಯೂಟದ ಅಡುಗೆ ಅಕ್ಕನನ್ನು ಒಂದು ತಾಸು ತರಗತಿಗೆ ಕರೆಯಿರಿ. ಕುರ್ಚಿ ಕೊಡಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ, ಎಷ್ಟು ಅಕ್ಕಿಗೆ ಎಷ್ಟು ನೀರು, ಸರ್ಕಾರ ಅವಳಿಗೆ ಸಂಬಳವೆನ್ನದೆ ‘ಗೌರವಧನ’ ಎನ್ನುವುದು ಏಕೆ, ಅವಳೇ ಹೇಳಲಿ. ಅವತ್ತು ಆ ಪಾಠಕ್ಕೆ ಅವಳೇ ಮಾಸ್ತರು.

ಕೊನೆಗೆ ಗೋಡೆಯ ಪಟವನ್ನು ಕೆಳಗಿಳಿಸಿ. ಬಾಣದ ಗುರುತು ಇರುವ ಕಡೆಯೆಲ್ಲ ಮಕ್ಕಳು ತಮಗೆ ಗೊತ್ತಾದ ಹೆಸರುಗಳನ್ನು ಬರೆಯಲಿ. ಜಾಗ ಸಾಲದಿದ್ದರೆ ಇನ್ನೊಂದು ಹಾಳೆ ಅಂಟಿಸಿ. ಆಗ ಆ ಹುಡುಗಿ ತನ್ನ ಅವ್ವ ಎಲ್ಲಿ ಅಂತ ಕೇಳಬೇಕಾಗುವುದಿಲ್ಲ. ಎದ್ದು ಬಂದು ತಾನೇ ಬರೆಯುತ್ತಾಳೆ.